ಅಣ್ಣನಿಗೆ, ಡೆವನ್‌ನ ಹಂದಿ ಹೊಲದಿಂದ

ಕ್ರೆಡಿಟನ್ ಹತ್ತಿರ, ಡೆವನ್, ಇಂಗ್ಲೆಂಡ್
ಫೆಬ್ರವರಿ ಕೊನೆ

ಪ್ರೀತಿಯ ಅಣ್ಣ, ಅತ್ತಿಗೆ,

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ನಾವು ಮೂವರೂ ಇಲ್ಲಿ ಆರಾಮಾಗಿದ್ದೇವೆ. ಅಲ್ಲಿ ಕಾಫಿ ಮುಗಿಯುವಷ್ಟರಲ್ಲಿ ಮೆಣಸು ಕೊಯ್ಲು ಬಂತು, ಆಳು ಸಿಗುತ್ತಿಲ್ಲ ಅಂತ ಅಮ್ಮ ಹೇಳಿದಳು.

ಅಣ್ಣ, ಪಾಳು ಬಿದ್ದ ಕೆಳಗಿನ ಗದ್ದೆಯಲ್ಲಿ ಹಂದಿ ಸಾಕಿದರೆ ಹೇಗೆ ಅಂತ ಕೇಳಿದ್ದೆಯಲ್ಲ. ಫೋನಲ್ಲಿ ಹೇಳಲು ಹೋದರೆ ನೀನು ಅರ್ಧಕ್ಕೇ ಲೆಕ್ಕ ಹಾಕಲು ಶುರುಮಾಡುತ್ತೀಯ, ಅತ್ತಿಗೆ ನಗಲು ಶುರುಮಾಡುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಮ್ಮ ಇನ್ನೂ ನೆಂಟರಿಗೆಲ್ಲ ‘ಮಗ ಫಾರ್ಮಲ್ಲಿದ್ದಾನೆ’ ಅಂತಲೇ ಹೇಳುತ್ತಾಳಂತೆ, ಏನು ಫಾರ್ಮು ಅಂತ ಹೇಳುವುದಿಲ್ಲವಂತೆ. ಹಂದಿ ತಿನ್ನಲು ಎಲ್ಲರೂ ಬೇಕು, ಬೇಯಿಸುವುದು ಮಾತ್ರ ಹಿತ್ತಲ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ. ಇರಲಿ ಬಿಡು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಕಷ್ಟದ ಕಥೆ ಶುರುಮಾಡಿದರೆ ಅದು ಮರೆತುಹೋಗುತ್ತದೆ.

ನಮ್ಮವು ಸ್ಯಾಡಲ್‌ಬ್ಯಾಕ್ ತಳಿ. ಮೈ ಕಪ್ಪು, ಭುಜದಿಂದ ಮುಂಗಾಲವರೆಗೆ ಬಿಳಿ ಪಟ್ಟಿ, ಕಿವಿ ಎರಡೂ ಕಣ್ಣಿನ ಮೇಲೆ ಜೋತುಬಿದ್ದಿರುತ್ತವೆ. ಕಪ್ಪನ್ನೇ ತಗೊಂಡಿದ್ದಕ್ಕೆ ಕಾರಣ ಇದೆ. ಬಿಳಿ ಹಂದಿ ಬಯಲಲ್ಲಿದ್ದರೆ ಚರ್ಮ ಸುಟ್ಟುಕೊಳ್ಳುತ್ತದೆ, ಅದೂ ಈ ದೇಶದ ಬಿಸಿಲಿಗೆ! ಹಂದಿ ಬೆವರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೆಸರಲ್ಲಿ ಹೊರಳುವುದು ಮೈ ತಂಪಾಗಿಸಿಕೊಳ್ಳಲು, ಕೊಳಕು ಅಂತಲ್ಲ. ಮಲಗುವ ಜಾಗದಲ್ಲಿ ಅವು ಹೇಸಿಗೆ ಮಾಡುವುದೂ ಇಲ್ಲ. ಜಾಗ ಇದ್ದರೆ ದೂರದ ಒಂದು ಮೂಲೆ ಗೊತ್ತುಮಾಡಿಕೊಂಡು ಅಲ್ಲಿಗೇ ಹೋಗುತ್ತವೆ. ಇಕ್ಕಟ್ಟಲ್ಲಿ ಕೂಡಿಹಾಕಿ ನಾವೇ ಅವುಗಳಿಗೆ ಕೆಟ್ಟ ಹೆಸರು ತಂದಿದ್ದೇವೆ.

ನಾವು ಗುತ್ತಿಗೆಗೆ ಹಿಡಿದ ಜಾಗ ಇಳಿಜಾರು, ತುಂಬ ಜರಿಗಿಡ, ಮುಳ್ಳುಬಳ್ಳಿ. ಇಲ್ಲಿಯ ಮಣ್ಣೂ ನಮ್ಮಲ್ಲಿಯ ಹಾಗೆ ಕೆಂಪು. ಹಂದಿ ಬಿಟ್ಟ ಮೇಲೆ ಬೇರು ಸಮೇತ ಎಲ್ಲ ಎದ್ದುಬಂತು. ಟ್ರ್ಯಾಕ್ಟರ್ ಹೋಗದ ಜಾಗವನ್ನೂ ಮೂತಿಯಲ್ಲೇ ಉತ್ತಿಟ್ಟವು. ಅಷ್ಟಾದ ಮೇಲೆ ಬೇರೆ ಪಟ್ಟಿಗೆ ಸಾಗಿಸಬೇಕು. ಒಂದೇ ಕಡೆ ಬಿಟ್ಟರೆ ನೆಲ ರಾಡಿಯಾಗುತ್ತದೆ, ಹೊಟ್ಟೆಹುಳವೂ ಜಾಸ್ತಿ.

ಮರಿ ಹಾಕುವುದನ್ನು ನೀನು ಒಮ್ಮೆ ನೋಡಬೇಕು. ಗಬ್ಬ ಕಟ್ಟಿದ ಮೇಲೆ ಮೂರು ತಿಂಗಳು, ಮೂರು ವಾರ, ಮೂರು ದಿನ ಅಂತ ಇಲ್ಲಿಯವರ ಲೆಕ್ಕ; ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಹಿಂದಿನ ದಿನ ನಮ್ಮ ದೊಡ್ಡ ತಾಯಿಹಂದಿ, ನಾನು ಗೂಡಲ್ಲಿ ಹಾಸಿದ ಗೋಧಿ ಹುಲ್ಲನ್ನೆಲ್ಲ ಆಚೆ ಎಳೆದು ಹಾಕಿದಳು. ಆಮೇಲೆ ತಾನೇ ಒಂದೊಂದು ಬಾಯಿ ಹುಲ್ಲು ಕಚ್ಚಿ ತಂದು, ಮುಂಗಾಲಲ್ಲಿ ಗುಂಡಿ ಕೆದಕಿ, ಸುತ್ತ ಏರಿಸಿ, ಮಲಗಿ ನೋಡಿದಳು. ಸರಿ ಅನ್ನಿಸಲಿಲ್ಲ, ಎದ್ದು ಮತ್ತೆ ಶುರು. ಮರಿಗಳು ಹುಟ್ಟಿ ಎರಡು ಮೂರು ದಿನದಲ್ಲಿ ಯಾರಿಗೆ ಯಾವ ಮೊಲೆ ಅಂತ ಗುದ್ದಾಡಿ ತೀರ್ಮಾನ ಮಾಡಿಕೊಳ್ಳುತ್ತವೆ. ಮುಂದಿನ ಮೊಲೆಗಳಲ್ಲಿ ಹಾಲು ಜಾಸ್ತಿ, ಅದು ಗಟ್ಟಿಗರಿಗೆ. ಒಂದು ಸಲ ಗೊತ್ತಾದರೆ ಕೊನೆಯವರೆಗೂ ಅದೇ. ಗಂಟೆಗೊಂದು ಸಲ ತಾಯಿ ಗುರ್ ಗುರ್ ಅಂತ ಕರೆಯುತ್ತಾಳೆ. ಆ ಸದ್ದು ಬಿರುಸಾದಾಗ ಹಾಲು ಇಳಿಯುತ್ತದೆ, ಅದೂ 20 ಸೆಕೆಂಡಿನಷ್ಟೇ. ತಡವಾಗಿ ಓಡಿಬಂದ ಮರಿಗೆ ಉಪವಾಸ. ಕೊಟ್ಟಿಗೆಯಲ್ಲಿ ಹುಟ್ಟಿದ ಮರಿಗೆ ಕಬ್ಬಿಣಾಂಶದ ಇಂಜೆಕ್ಷನ್ ಕೊಡಬೇಕು. ಹೊಲದ ಮರಿಗಳಿಗೆ ಮಣ್ಣಲ್ಲೇ ಅದು ಸಿಗುತ್ತದೆ.

ಆದರೆ ಮೊದಲ ರಾತ್ರಿಯೇ ಎರಡು ಮರಿ ತಾಯಿಯ ಅಡಿಗೆ ಸಿಕ್ಕಿ ಸತ್ತವು. ಕೂಗಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ, ಏಳಲಿಲ್ಲ. ಇದಕ್ಕೇ ಅಂತ ದೊಡ್ಡ ಫಾರ್ಮುಗಳಲ್ಲಿ ತಾಯಿಯನ್ನು ತಿರುಗಲೂ ಆಗದ ಹಾಗೆ ಕಬ್ಬಿಣದ ಸರಳುಗಳ ಮಧ್ಯೆ ಇಡುತ್ತಾರೆ. ನನಗೆ ಅದು ಬೇಡ. ಎರಡು ಮರಿ ಹೋದರೂ ಬೇಡ.

ಈಗ ಕಷ್ಟಕ್ಕೆ ಬರುತ್ತೇನೆ. ಹಂದಿ ಸಾಕುವುದು ಅಂದರೆ ಮುಕ್ಕಾಲು ಪಾಲು ಬೇಲಿ ಕಾಯುವುದು, ನೀರು ಹೊರುವುದು. ಬೇಲಿ ನಮ್ಮಲ್ಲಿಯ ಐಬೆಕ್ಸ್ ಕರೆಂಟ್ ಬೇಲಿಯ ಥರದ್ದೇ, ಎರಡು ತಂತಿ, ಕೆಳಗಿನದು ಮೂತಿಯ ಎತ್ತರಕ್ಕೆ. ಇವು ನೆಲ ಕೆದಕಿ ಮಣ್ಣನ್ನು ತಂತಿಯ ಮೇಲೆ ತಳ್ಳುತ್ತವೆ. ಮಣ್ಣು ತಾಗಿದರೆ ಕರೆಂಟು ಭೂಮಿಗೆ ಹೋಯಿತು. ದಿನಾ ಬೆಳಗ್ಗೆ ಸುತ್ತು ಹಾಕಿ ಬಿಡಿಸಬೇಕು. ಶಾಕ್ ಇಲ್ಲ ಅನ್ನುವುದು ಅವುಗಳಿಗೆ ಹೇಗೆ ಗೊತ್ತಾಗುತ್ತದೋ ದೇವರೇ ಬಲ್ಲ. ಒಂದು ರಾತ್ರಿ ಪಕ್ಕದ ಮನೆಯವರ ಹುಲ್ಲುಹಾಸು ಪೂರ್ತಿ ಉತ್ತಿಟ್ಟಿದ್ದವು. ಬೆಳಗ್ಗೆ ಆ ಯಜಮಾನರು ಪೈಜಾಮದಲ್ಲೇ ನಿಂತು, ಒಂದು ಮಾತೂ ಆಡದೆ ನನ್ನನ್ನೇ ನೋಡುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ಮಳೆ ಇಲ್ಲಿ ಮೂಡಿಗೆರೆಯ ಅರ್ಧವೂ ಇರಲಿಕ್ಕಿಲ್ಲ. ನಮ್ಮಲ್ಲಿ ಆಷಾಢದಲ್ಲಿ ಸುರಿದರೂ ಆಮೇಲೆ ಬಿಸಿಲು ಬಂದು ನೆಲ ಗಟ್ಟಿಯಾಗುತ್ತದೆ. ಇಲ್ಲಿ ಅಕ್ಟೋಬರಿಂದ ಮಾರ್ಚ್‌ವರೆಗೆ ಜಿನುಗುತ್ತಲೇ ಇರುತ್ತದೆ, ಒಣಗುವ ಮಾತೇ ಇಲ್ಲ. ಡಿಸೆಂಬರಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಹಣೆಗೆ ಟಾರ್ಚು ಕಟ್ಟಿಕೊಂಡು, ಮೊಣಕಾಲುದ್ದ ಕೆಸರಲ್ಲಿ 20 ಕೆಜಿ ಫೀಡ್ ಚೀಲ ಹೊತ್ತು ಹೋಗುವಾಗ ಬೂಟು ಅಲ್ಲೇ ಉಳಿದು ಕಾಲು ಮಾತ್ರ ಮುಂದೆ ಬರುತ್ತದೆ. ಹಿಮ ಬಿದ್ದರೆ ಪೈಪು ಕಟ್ಟುತ್ತದೆ. ಹಾಲೂಡುವ ಹಂದಿಗೆ ದಿನಕ್ಕೆ 30 ಲೀಟರ್‌ವರೆಗೂ ನೀರು ಬೇಕು. ಆಗ ಮನೆಯಿಂದ ಕೊಡದಲ್ಲೇ ಹೊರಬೇಕು.

ಕಾಗದಪತ್ರ ಬೇರೆ. ಒಂದೇ ಹಂದಿ ಸಾಕಿದರೂ ಜಮೀನಿಗೊಂದು ನಂಬರು, ಹಂದಿ ಗುಂಪಿಗೊಂದು ಗುರುತು. ಆಚೀಚೆ ಸಾಗಿಸಿದರೆ ಅದಕ್ಕೂ ಲೈಸೆನ್ಸ್. ಹೊರಗಿಂದ ಒಂದು ಹಂದಿ ತಂದರೆ 20 ದಿನ ನಮ್ಮಿಂದ ಬೇರೆ ಹಂದಿ ಹೊರಗೆ ಹೋಗುವ ಹಾಗಿಲ್ಲ, ಕಸಾಯಿಖಾನೆಗೆ ಬಿಟ್ಟು. ಮೊದಮೊದಲು ತಲೆಕೆಟ್ಟಿತ್ತು. ಈಗ ಇದರಲ್ಲಿ ಅರ್ಥ ಇದೆ ಅನ್ನಿಸುತ್ತದೆ.

ಯಾಕೆ ಅಂದರೆ ಜಮೀನಿನ ಯಜಮಾನರು ಹಾಕಿದ ಷರತ್ತು ಒಂದೇ: ಅಡುಗೆಮನೆಯ ಮುಸುರೆ ಗೇಟಿನೊಳಗೆ ಬರಬಾರದು. ಕಾನೂನೂ ಅದನ್ನೇ ಹೇಳುತ್ತದೆ. 2001ರಲ್ಲಿ ಇಲ್ಲಿ ಕಾಲುಬಾಯಿ ರೋಗ ಹಬ್ಬಿದ್ದು, ಸರಿಯಾಗಿ ಬೇಯಿಸದ ಮುಸುರೆ ಹಾಕುತ್ತಿದ್ದ ಉತ್ತರದ ಒಂದು ಹಂದಿ ಫಾರ್ಮಿನಿಂದ. 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಂದರು. ಡೆವನ್‌ಗೆ ಜೋರಾಗಿಯೇ ಹೊಡೆತ ಬಿತ್ತು. ಯಜಮಾನರು ಆ ವರ್ಷದ ಮಾತು ಬಂದರೆ ಎದ್ದು ಹೋಗಿಬಿಡುತ್ತಾರೆ.

ಅಣ್ಣ, ನಿನ್ನ ಲೆಕ್ಕ ಪೂರ್ತಿ ನಿಂತಿರುವುದು ಪೇಟೆಯ ಹೋಟೆಲ್ ಮುಸುರೆಯ ಮೇಲೆ, ಅಲ್ವಾ? ಅದೇ ನನಗೆ ಭಯ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಮಿಗೆ ಬಂತು, 2022ಕ್ಕೆ ವಯನಾಡಿಗೆ. ವಯನಾಡು ನಮಗೆಷ್ಟು ದೂರ ಹೇಳು! ಬಂದರೆ ಹಂದಿ ಉಳಿಯುವುದು ಕಷ್ಟ, ಔಷಧಿ ಇಲ್ಲ. ಒಂದು ಫಾರ್ಮಲ್ಲಿ ಕಂಡರೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಹಂದಿಗಳನ್ನೆಲ್ಲ ಕೊಲ್ಲುತ್ತಾರೆ. ಹಸಿ ಅಥವಾ ಅರೆಬೆಂದ ಹಂದಿ ಮಾಂಸದ ಚೂರು ಮುಸುರೆಯಲ್ಲಿದ್ದರೆ ಸಾಕು. ಹಾಕುವುದೇ ಆದರೆ ಹಂಡೆಯಲ್ಲಿ ಚೆನ್ನಾಗಿ ಕುದಿಸಿಯೇ ಹಾಕಬೇಕು, ಸೌದೆ ಖರ್ಚಾದರೂ. ಇನ್ನೊಂದು, ಆ ಗದ್ದೆಗೆ ಕಾಡುಹಂದಿ ಬರುತ್ತವೆ. ಜ್ವರ ಅವುಗಳಿಂದಲೂ ಬರುತ್ತದೆ. ಬಯಲಲ್ಲಿ ಬಿಡುವ ಯೋಚನೆ ಬಿಡು. ಮೇಲೆ, ಮನೆ ಹತ್ತಿರ, ಕಲ್ಲು ಹಾಸಿದ ಗೂಡು, ಮುಂದೆ ಒಂದಿಷ್ಟು ಅಂಗಳ, ಗಟ್ಟಿ ಬೇಲಿ. ಅಷ್ಟೇ.

ದುಡ್ಡಿನ ವಿಷಯ. ನಮ್ಮ ಹಂದಿ ಆರು ತಿಂಗಳು ದಾಟುವಷ್ಟರಲ್ಲಿ 250 ಕೆಜಿಗೂ ಹೆಚ್ಚು ಫೀಡ್ ತಿನ್ನುತ್ತದೆ. ಯುಕ್ರೇನ್ ಯುದ್ಧ ಶುರುವಾದಾಗ ಗೋಧಿ ಬಾರ್ಲಿ ಜೊತೆ ಫೀಡೂ ಏರಿತ್ತು. ಜೀವಂತ 85-90 ಕೆಜಿ ತೂಗಿದರೆ ಕಡಿದ ಮೇಲೆ 65 ಕೆಜಿ, ಮೂಳೆ ಬಿಡಿಸಿದರೆ 50ಕ್ಕೂ ಕಡಿಮೆ. ದೊಡ್ಡ ವ್ಯಾಪಾರಿಗೆ ಕೊಟ್ಟರೆ ಕೆಜಿಗೆ 2 ಪೌಂಡ್ ಆಸುಪಾಸು, ಅಂದರೆ ಶುದ್ಧ ನಷ್ಟ. ನಾವೇ ಕತ್ತರಿಸಿ ಪ್ಯಾಕ್ ಮಾಡಿಸಿ ಮಾರಿದರೆ 8 ಪೌಂಡ್‌ವರೆಗೆ ಸಿಗುತ್ತದೆ. ಎಲ್ಲ ಕಳೆದು ಒಂದು ಹಂದಿಗೆ 60-70 ಪೌಂಡ್ ಉಳಿದರೆ ದೊಡ್ಡದು. ಅದರಲ್ಲಿ ನನ್ನ ಕೂಲಿ ಸೇರಿಲ್ಲ. ಮನೆ ನಡೆಯುವುದು ನನ್ನ ಹೆಂಡತಿಯ ಆಸ್ಪತ್ರೆ ಸಂಬಳದಲ್ಲೇ, ಮುಚ್ಚಿಡುವುದೇನು.

ಆದರೆ ಗಿರಾಕಿಗಳು ಸಿಕ್ಕಿದ್ದೂ ಆ ಆಸ್ಪತ್ರೆಯಿಂದಲೇ. ಇಂಗ್ಲಿಷರಿಗೆ ಚರ್ಬಿ ಬೇಡ, ಮೂಳೆ ಬೇಡ. ಕೇರಳದ ನರ್ಸುಗಳಿಗೂ ಒಂದಿಬ್ಬರು ಕೊಡಗಿನವರಿಗೂ ಚರ್ಮ, ಚರ್ಬಿ, ಮೂಳೆ ಎಲ್ಲ ಸೇರಿದ ಸಣ್ಣ ತುಂಡೇ ಬೇಕು. ಫಿಲಿಪೀನ್ಸಿನವರು ತಲೆ, ಕಾಲು ಕೇಳಿ ತಗೊಳ್ಳುತ್ತಾರೆ. ಹಾಗಾಗಿ ಏನೂ ದಂಡ ಆಗುವುದಿಲ್ಲ. ಕಟುಕನಿಗೆ ಸಾರಿನ ತುಂಡು ಎಷ್ಟು ದಪ್ಪ ಅಂತ ನಾನೇ ನಿಂತು ತೋರಿಸಿಕೊಟ್ಟೆ.

ಕಸಾಯಿಖಾನೆಗೆ ಒಯ್ಯುವ ದಿನ ಇವಳು ಹೊಲದ ಕಡೆ ಬರುವುದಿಲ್ಲ. ಗಾಡಿಯನ್ನು ಒಂದು ವಾರ ಮೊದಲೇ ಹೊಲದಲ್ಲಿ ನಿಲ್ಲಿಸಿ ಅದರೊಳಗೇ ಫೀಡ್ ಹಾಕುತ್ತೇನೆ. ಆ ಬೆಳಗ್ಗೆ ಅವು ತಾವಾಗಿಯೇ ಹತ್ತುತ್ತವೆ. ನನ್ನನ್ನು ನಂಬಿ ಹತ್ತುತ್ತವೆ, ಅದೇ ಸಂಕಟ. ಆದರೂ ಹೊಡೆದು ಎಳೆದು ಹತ್ತಿಸುವುದಕ್ಕಿಂತ ಮೇಲು. ಸಣ್ಣ ಕಸಾಯಿಖಾನೆಗಳು ಒಂದೊಂದಾಗಿ ಮುಚ್ಚುತ್ತಿವೆ. ನಮ್ಮದೂ ಮುಚ್ಚಿದರೆ ಈ ಕೆಲಸ ಅಲ್ಲಿಗೆ ನಿಂತಂತೆ.

ನೀನು ಮಾಡಲೇಬೇಕು ಅಂದರೆ ಈ ವರ್ಷ ನಾಲ್ಕು ಮರಿ ತಂದು ಬೆಳೆಸಿ ಮಾರಿ ನೋಡು. ತಾಯಿ ಹಂದಿ, ಗಂಡು ಹಂದಿ ಅಂತ ಈಗಲೇ ಹೋಗಬೇಡ. ಬ್ಯಾಂಕ್ ಸಾಲ ಬೇಡವೇ ಬೇಡ. ಯಾರು ಕೊಳ್ಳುತ್ತಾರೆ ಅಂತ ಮೊದಲು ಕೇಳಿಕೊಂಡು ಬಾ, ಆಮೇಲೆ ಗೂಡು ಕಟ್ಟು.

ಅತ್ತಿಗೆ, ಏಪ್ರಿಲ್‌ನಲ್ಲಿ ಬರುವವರ ಕೈಯಲ್ಲಿ ಪೋರ್ಕ್ ಉಪ್ಪಿನಕಾಯಿ ಕಳಿಸುತ್ತೇನೆ ಅಂದಿದ್ದಿರಿ. ದಯವಿಟ್ಟು ಬೇಡ. ಮಾಂಸದ ಪದಾರ್ಥ ತರುವ ಹಾಗಿಲ್ಲ, ಅದೂ ಹಂದಿ ಸಾಕುವ ಮನೆಗೆ. ಅದರ ಬದಲು ನಮ್ಮ ತೋಟದ ಕಾಳುಮೆಣಸು ಎರಡು ಕೆಜಿ, ನೀವು ಹುರಿದು ಮಾಡುವ ಹಂದಿ ಸಾರಿನ ಪುಡಿ ಒಂದು ಡಬ್ಬ ಕಳಿಸಿ. ಅಳತೆಯನ್ನೂ ಬರೆದು ಕಳಿಸಿದರೆ, ಮಾಂಸದ ಜೊತೆ ಪುಡಿಯನ್ನೂ ಮಾರಬಹುದು ಅಂತ ಇವಳ ಯೋಚನೆ. ಲಾಭ ಬಂದರೆ ನಿಮಗೂ ಪಾಲು.

ನಿಮ್ಮ ತಮ್ಮ