ಕಸಿದುಕೊಳ್ಳದೆ ಕಲಿಸಿದವರಿಗೆ

ನಮ್ಮೂರ ಗ್ರಂಥಾಲಯದಲ್ಲಿ ಮಕ್ಕಳ ಕೈಕೆಲಸದ ಬೇಸಿಗೆ ಶಿಬಿರ ಮತ್ತೆ ನಡೆಯಿತು. ಈ ಒಂದು ಮಾತನ್ನು ಬರೆಯಲು ಎಷ್ಟು ವರ್ಷ ಕಾದಿದ್ದೇವೆ ಎಂಬುದು ಊರಿನವರಿಗೆಲ್ಲ ಗೊತ್ತು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕ-ಕೇರಳ ನಡುವಿನ ತಲಪಾಡಿಯ ಗಡಿ ಮುಚ್ಚಿ, ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗೂ ಹೋಗಲಾಗದೆ ಒದ್ದಾಡಿದ ದಿನಗಳಲ್ಲಿ ನಿಂತ ಶಿಬಿರ ಇದು. ಆಮೇಲೆ ಕಟ್ಟಡದ ಮಾಡು ಸೋರತೊಡಗಿತು. ಶಿಬಿರವನ್ನು ಹೆಗಲ ಮೇಲೆ ಹೊತ್ತಿದ್ದ ಹಿರಿಯರಿಬ್ಬರು ತೀರಿಕೊಂಡರು. ಮಕ್ಕಳು ಬೇಸಿಗೆ ರಜೆಯಲ್ಲೂ ಟ್ಯೂಷನ್ನಿಗೆ ಹೋಗುವುದು ರೂಢಿಯಾಯಿತು. ಇನ್ನು ಇದು ಏಳಲಾರದು ಎಂದೇ ನಮ್ಮಲ್ಲಿ ಹಲವರು ತಿಳಿದಿದ್ದರು. ಈ ವರ್ಷ ವಿಷು ಕಳೆದ ಮರುವಾರ ಬಾಗಿಲು ತೆರೆದಾಗ ಜಗಲಿಯ ತುಂಬ ಚಪ್ಪಲಿಗಳಿದ್ದವು.

ನೆರವಾದವರ ಪಟ್ಟಿಯನ್ನು ಗ್ರಂಥಾಲಯದ ಫಲಕದಲ್ಲಿ ಹಾಕಿದ್ದೇವೆ. ಇಲ್ಲಿ ಬರೆಯುತ್ತಿರುವುದು ಪಟ್ಟಿಯಲ್ಲಿ ಹಿಡಿಸದ ಒಂದು ಉಪಕಾರದ ಬಗ್ಗೆ.

ಕೈಕೆಲಸ ಬಲ್ಲವರಿಗೆ ಮಕ್ಕಳ ಪಕ್ಕ ಕುಳಿತು ಸುಮ್ಮನಿರುವುದು ಬಹಳ ಕಷ್ಟ. ಮಗು ಗಂಟು ತಪ್ಪಿಸುತ್ತದೆ, ಕತ್ತರಿಯನ್ನು ಓರೆಯಾಗಿ ಹಿಡಿಯುತ್ತದೆ, ಮಣ್ಣಿಗೆ ನೀರು ಹೆಚ್ಚು ಸುರಿಯುತ್ತದೆ. "ಇತ್ತ ಕೊಡು" ಎಂದು ತೆಗೆದುಕೊಂಡರೆ ಎರಡು ನಿಮಿಷದಲ್ಲಿ ವಸ್ತು ಚಂದವಾಗುತ್ತದೆ, ಆದರೆ ಅದು ಮಗುವಿನದಾಗಿ ಉಳಿಯುವುದಿಲ್ಲ. ಈ ಸಲ ನಮ್ಮಲ್ಲಿಗೆ ಬಂದ ಹಿರಿಯರು ಯಾರೂ ಹಾಗೆ ಮಾಡಲಿಲ್ಲ. ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ. ಅವರಲ್ಲಿ ಹೆಚ್ಚಿನವರು ತಾವು ಕಲಿಸಬಲ್ಲೆವು ಎಂದು ಎಂದೂ ಭಾವಿಸಿದವರೂ ಅಲ್ಲ.

ಅಡಿಕೆ ತೋಟದ ಕೆಲಸದಲ್ಲೇ ಆಯುಷ್ಯ ಕಳೆದ ಅಜ್ಜ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೊಪ್ಪಿ, ಮಾಡುವುದನ್ನು ಕಲಿಸಲು ಬಂದರು. ಒಣಗಿದ ಹಾಳೆಯನ್ನು ಹಾಗೆಯೇ ಮಡಚಿದರೆ ಸೀಳುತ್ತದೆ, ರಾತ್ರಿಯಿಡೀ ನೀರಿನಲ್ಲಿ ನೆನೆಯಬೇಕು. ಅಜ್ಜ ಅದನ್ನು ಬಾಯಿಯಲ್ಲಿ ಹೇಳಲಿಲ್ಲ. ಮೊದಲ ದಿನ ಒಣ ಹಾಳೆ, ನೆನೆದ ಹಾಳೆ ಎರಡನ್ನೂ ಮುಂದಿಟ್ಟು "ಮಡಚಿ ನೋಡಿ ಮಕ್ಕಳೇ" ಎಂದರು. ಒಣ ಹಾಳೆ ಪಟಪಟನೆ ಒಡೆಯಿತು. ಆಮೇಲೆ ಯಾವ ಮಗುವೂ ನೆನೆಸುವುದನ್ನು ಮರೆಯಲಿಲ್ಲ. ತುದಿಗಳ ನೆರಿಗೆ ಹಿಡಿದು ಹೊಲಿಯುವುದೇ ಕಠಿಣ ಭಾಗ. ಐದನೆಯ ತರಗತಿಯ ಹುಡುಗನೊಬ್ಬನ ನೆರಿಗೆ ಎಷ್ಟು ಸಲ ಹಿಡಿದರೂ ಬಿಚ್ಚಿಹೋಗುತ್ತಿತ್ತು. ಕರೆದುಕೊಂಡು ಹೋಗಲು ಬಂದಿದ್ದ ಅವನ ತಂದೆ ತಾಳ್ಮೆಗೆಟ್ಟು ಕೈ ಮುಂದೆ ಮಾಡಿದರು. ಅಜ್ಜ ಅವರ ಮಣಿಕಟ್ಟನ್ನು ಮೆಲ್ಲನೆ ಹಿಡಿದು, "ಬಿಡಿ, ಅವನ ತಲೆಗೆ ಅವನೇ ಮಾಡಿಕೊಳ್ಳಲಿ" ಎಂದರು. ಅವನ ಮುಟ್ಟಾಳೆ ಒಂದು ಬದಿಗೆ ವಾಲಿಕೊಂಡೇ ಮುಗಿಯಿತು. ಶಿಬಿರದ ಉಳಿದ ದಿನಗಳಲ್ಲೆಲ್ಲ ಅವನು ಅದನ್ನೇ ಹಾಕಿಕೊಂಡು ಬಂದ. ಅಜ್ಜನಿಗೂ, ಆ ಮಾತು ಕೇಳಿ ಅಲ್ಲೇ ನಿಂತು ಮಗನನ್ನು ನೋಡಿದ ಆ ತಂದೆಗೂ ನಮ್ಮ ವಂದನೆ.

ತೆಂಗಿನ ಮಡಲು ಹೆಣೆಯುವ ಅಕ್ಕನ ಬಗ್ಗೆ ಇನ್ನೂ ಹೆಚ್ಚು ಬರೆಯಬೇಕು. ತೆಂಗಿನ ಗರಿಯ ಪೀಪಿ, ಗಿಳಿ, ಚೆಂಡು, ಹಾವು ಇವೆಲ್ಲ ಅವರ ಬೆರಳುಗಳಿಗೆ ನೀರು ಕುಡಿದಷ್ಟು ಸುಲಭ. ಹಿಂದೆ ಅವರು ಚಪ್ಪರಕ್ಕೆ, ಕೊಟ್ಟಿಗೆಯ ಮಾಡಿಗೆ ಮಡಲು ಹೆಣೆದುಕೊಡುತ್ತಿದ್ದವರು. ಶೀಟು ಬಂದ ಮೇಲೆ ಯಾರೂ ಕರೆಯುವುದಿಲ್ಲ. ಮಕ್ಕಳ ನಡುವೆ ಒಬ್ಬಳು ಎಡಗೈಯ ಹುಡುಗಿ ಇದ್ದಳು. ಪಕ್ಕದಲ್ಲಿ ಕುಳಿತು ನೋಡಿದರೆ ಅವಳಿಗೆ ಎಲ್ಲವೂ ತಿರುಗುಮುರುಗು. ಅದನ್ನು ಮೊದಲು ಕಂಡವರು ಅಕ್ಕ. ಎದ್ದು ಬಂದು ಅವಳ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತರು. ಅಕ್ಕನ ಬಲಗೈ ಹೋದ ಕಡೆಗೆ ಹುಡುಗಿಯ ಎಡಗೈ ಕನ್ನಡಿಯಲ್ಲಿ ಕಂಡಂತೆ ಹೋಯಿತು. ಅರ್ಧ ಗಂಟೆಯೊಳಗೆ ಗಿಳಿ ಸಿದ್ಧ. ಬಿ.ಎಡ್. ಓದುತ್ತಿದ್ದ ನಮ್ಮ ಸ್ವಯಂಸೇವಕಿ ಅದನ್ನು ನೋಡಿ ಪುಸ್ತಕದಲ್ಲಿ ಬರೆದುಕೊಂಡಳು. ಕೂಲಿಗೆ ಕರೆದಾಗ ಮಾತ್ರ ನೆನಪಾಗುವ ಇಂಥವರನ್ನು ಮಕ್ಕಳು "ಟೀಚರ್" ಎಂದು ಕರೆದದ್ದು ನನಗೆ ಈ ಶಿಬಿರದ ಅತಿ ದೊಡ್ಡ ಗಳಿಕೆ.

ಮಣ್ಣಿನ ಕೆಲಸಕ್ಕೆ ಬಂದ ಕುಂಬಾರ ಮನೆತನದ ಹಿರಿಯರು ಗದ್ದೆಯ ಜೇಡಿಯನ್ನು ತಾವೇ ಹದ ಮಾಡಿ ತಂದಿದ್ದರು. ಎಲ್ಲ ಮಕ್ಕಳೂ ಆನೆಯನ್ನೇ ಮಾಡಿದರು. ದಪ್ಪ ಹೊಟ್ಟೆಯ ಆನೆಗಳು ಮರುದಿನಕ್ಕೆ ಬಿರುಕು ಬಿಟ್ಟಿದ್ದವು. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ ಹಸಿ ಹಾಗೇ ಉಳಿದಿರುತ್ತದೆ, ಅದಕ್ಕೆ ಬಿರುಕು. ಹೊಟ್ಟೆಯನ್ನು ಕೆಳಗಿನಿಂದ ಟೊಳ್ಳು ಮಾಡಿ, ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿ ಒಣಗಿಸಿ ಎಂದು ತಿಳಿಸಿಕೊಟ್ಟರು. ಒಡೆದ ಆನೆಗಳನ್ನು ಎಸೆಯಲು ಬಿಡದೆ ನೀರಿಗೆ ಹಾಕಿಸಿ ಮತ್ತೆ ಮಣ್ಣು ಮಾಡಿಸಿದರು.

ಕುಂಬಳೆ ಸೀಮೆಯಲ್ಲಿ ಶಿಬಿರ ಮಾಡಿ ಯಕ್ಷಗಾನವನ್ನು ಬಿಡುವುದು ಹೇಗೆ? ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಊರಿದು. ಯಕ್ಷಗಾನ ಮೇಳದಲ್ಲಿ ರಕ್ಕಸರ ಬಣ್ಣದ ವೇಷ ಮಾಡುವ ಕಲಾವಿದರೊಬ್ಬರು ರಾತ್ರಿಯ ಆಟ ಮುಗಿಸಿ, ನಿದ್ದೆಗಣ್ಣಿನಲ್ಲೇ ಬೆಳಗ್ಗೆ ನಮ್ಮಲ್ಲಿಗೆ ಬಂದರು. ಏಪ್ರಿಲ್ ಎಂದರೆ ಮೇಳದವರಿಗೆ ತಿರುಗಾಟ ಬಿಡುವಿಲ್ಲದ ಕಾಲ ಎಂದು ಬಲ್ಲವರಿಗೆ ಈ ಉಪಕಾರದ ತೂಕ ತಿಳಿದೀತು. ಮುಖಕ್ಕೆ ಹಚ್ಚುವ ಅರದಳ, ಇಂಗಳೀಕ ಎಂಬ ಬಣ್ಣಗಳನ್ನು ಮಕ್ಕಳಿಗೆ ಡಬ್ಬಿಯಲ್ಲೇ ತೋರಿಸಿದರು, ಮುಟ್ಟಲು ಬಿಡಲಿಲ್ಲ. ಒಂದರಲ್ಲಿ ಆರ್ಸೆನಿಕ್, ಇನ್ನೊಂದರಲ್ಲಿ ಪಾದರಸ ಇದೆ ಎಂದು ವಿವರಿಸಿದರು. ಮಕ್ಕಳ ಮುಖಕ್ಕೆ ಬರೀ ಅಕ್ಕಿಹಿಟ್ಟು, ಕುಂಕುಮ, ಕಾಡಿಗೆ. ಚಿಟ್ಟಿ, ಅಂದರೆ ವೇಷದ ಮುಖದ ಮೇಲಿನ ಹಿಟ್ಟಿನ ಚುಕ್ಕಿ, ಇಡುವುದನ್ನು ಹಾಳೆಯ ಮುಖವಾಡಗಳ ಮೇಲೆ ಅಭ್ಯಾಸ ಮಾಡಿಸಿದರು. ಚುಕ್ಕಿಯ ಮೇಲೆ ಚುಕ್ಕಿ ಇಟ್ಟು ಮುಳ್ಳು ಏಳಿಸಲು ಮಕ್ಕಳು ಉಸಿರು ಬಿಗಿಹಿಡಿದು ಕುಳಿತದ್ದನ್ನು ನೋಡಬೇಕಿತ್ತು. ಇವರಿಗೆ ಗಮನವೇ ನಿಲ್ಲುವುದಿಲ್ಲ ಎಂದು ನಾವು ದೂರುವುದು ಇದೇ ಮಕ್ಕಳನ್ನು.

ಬಣ್ಣದ ಬಗ್ಗೆ ಇನ್ನೊಂದು ಬೆಳಗ್ಗೆ ವಿಜ್ಞಾನದ ಮಾಷ್ಟ್ರು ತೇಗದ ಚಿಗುರನ್ನು ಅಂಗೈಯಲ್ಲಿ ಉಜ್ಜಿಸಿ ಕೆಂಪು ತೋರಿಸಿದರು, ಅರಸಿನಕ್ಕೆ ಸುಣ್ಣ ಸೇರಿಸಿದರು, ದಾಸವಾಳ ಉಜ್ಜಿದ ಕಾಗದಕ್ಕೆ ಲಿಂಬೆರಸ, ಸಾಬೂನು ನೀರು ತಾಗಿಸಿ ಬಣ್ಣ ಬದಲಾಗುವುದನ್ನು ತೋರಿಸಿದರು. ಅಂದು ಸಂಜೆ ಊರಿನಲ್ಲಿ ದಾಸವಾಳ ಉಳಿದಿರಲಿಲ್ಲವಂತೆ. ಹೂವು ಕಳೆದುಕೊಂಡ ಮನೆಯವರಿಗೂ ಧನ್ಯವಾದ.

ಶಾಲಾ ಮಕ್ಕಳ ಕೈಕೆಲಸದ ಸ್ಪರ್ಧೆಯಾದ ವೃತ್ತಿ ಪರಿಚಯ ಮೇಳದ ಬಗ್ಗೆ ನನಗೆ ಗೌರವವಿದೆ. ತೆಂಗಿನ ಗರಿ, ಮಣ್ಣು, ಬಿದಿರು, ಕೇದಗೆ ಜಾತಿಯ ಮುಂಡೇವು ಇವೆಲ್ಲ ಇಂದಿಗೂ ಮಕ್ಕಳ ಕೈಗೆ ಸಿಗುತ್ತಿದ್ದರೆ ಅದರಲ್ಲಿ ಮೇಳದ ಪಾಲು ದೊಡ್ಡದು. ಆದರೆ ಅಲ್ಲಿ ಮೂರು ಗಂಟೆಯ ಗಡುವು, ಗ್ರೇಡು, ಅಂಕ. ಮಗು ಒಂದೇ ವಸ್ತುವನ್ನು ವರ್ಷವಿಡೀ ತಿದ್ದುತ್ತದೆ. ಶಿಬಿರದಲ್ಲಿ ಬಹುಮಾನ ಬೇಡ ಎಂದು ನಾವು ಹೇಳಿದಾಗ ಕೆಲವು ಪೋಷಕರಿಗೆ ಬೇಸರವಾಯಿತು. ಆದರೂ ಮಕ್ಕಳನ್ನು ಕಳುಹಿಸಿದಿರಿ. ಆ ನಂಬಿಕೆಗೆ ನಾವು ಋಣಿಗಳು.

ಮಹಿಳೆಯರ ಸ್ವಸಹಾಯ ಸಂಘವಾದ ಕುಟುಂಬಶ್ರೀ ಘಟಕದ ಅಕ್ಕಂದಿರು ದಿನವೂ ಅವಲಕ್ಕಿ, ಹಲಸಿನ ಹಣ್ಣಿನ ಗಟ್ಟಿ, ಪುನರ್ಪುಳಿಯ ಶರಬತ್ತು ಕೊಟ್ಟರು. ಹನ್ನೊಂದರ ಮೇಲೆ ಬಿಸಿಲಿಗೆ ಇಳಿಯಬೇಡಿ ಎನ್ನುವ ಕಾಲ ಇದಾದ್ದರಿಂದ ತರಗತಿಯನ್ನು ಎಂಟಕ್ಕೇ ಆರಂಭಿಸಿದೆವು. ಅದಕ್ಕಾಗಿ ಬೇಗ ಎದ್ದ ಆಟೋ ಚಾಲಕರು ಒಳದಾರಿಗಳ ಮಕ್ಕಳನ್ನು ಬಾಡಿಗೆ ಕೇಳದೆ ಕರೆತಂದರು. ದರ್ಜಿ ಅಂಗಡಿಯಿಂದ ಚೂರು ಬಟ್ಟೆ ಬಂತು, ಬಡಗಿಯವರಿಂದ ಉಜ್ಜುಕಾಗದ, ಮರದ ತುಂಡುಗಳು. ಬೆರಳು ಕೊಯ್ದುಕೊಂಡ ಒಂದು ಮಗುವಿಗೆ ಪಕ್ಕದ ಮನೆಯ ನರ್ಸ್ ಓಡಿಬಂದು ಪಟ್ಟಿ ಕಟ್ಟಿದರು.

ಮನೆಯಲ್ಲಿ ಕನ್ನಡ, ತುಳು, ಹವ್ಯಕ, ಕೊಂಕಣಿ, ಮರಾಠಿ, ಮಲಯಾಳ ಆಡುವ ಮಕ್ಕಳು ಒಂದೇ ಚಾಪೆಯಲ್ಲಿದ್ದರು. ಇಂಗ್ಲಿಷ್ ಮಾಧ್ಯಮದಿಂದ ಬಂದವರಲ್ಲಿ ಕೆಲವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಕೊನೆಯ ದಿನದ ಪ್ರದರ್ಶನಕ್ಕೆ ತಮ್ಮ ವಸ್ತುವಿನ ಮುಂದೆ ಹೆಸರು ಬರೆದಿಡಬೇಕಿತ್ತು. ಬೇರೆ ಮಕ್ಕಳ ಚೀಟಿಗಳನ್ನು ನೋಡಿ ಅವರೂ ಕನ್ನಡದಲ್ಲೇ ಬರೆಯಬೇಕೆಂದು ಹಟ ಹಿಡಿದರು. ಹೈಸ್ಕೂಲಿನ ಹುಡುಗಿಯರು ನೆಲದ ಮೇಲೆ ಕುಳಿತು ಅವರಿಗೆ ಅಕ್ಷರ ತಿದ್ದಿಸಿದರು. ಅಲ್ಲೂ ಯಾರೂ ಪೆನ್ಸಿಲು ಕಸಿದುಕೊಳ್ಳಲಿಲ್ಲ. ಆ ಹುಡುಗಿಯರೇ, ನಿಮ್ಮನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಕತ್ತರಿಗಳು, ಸೂಜಿ ದಾರ, ಒಂದು ಬುಟ್ಟಿ ಜೇಡಿಮಣ್ಣನ್ನು ಕಾಯಂ ಇಡಲು ಸಮಿತಿ ಒಪ್ಪಿದೆ. ಜೂನಿನಲ್ಲಿ ಶಾಲೆ ತೆರೆದ ಮೇಲೆ ಭಾನುವಾರ ಮಧ್ಯಾಹ್ನ ಮಕ್ಕಳು ಬರಬಹುದು. ತೋಟದ ಕೆಲಸವಿಲ್ಲದ ಭಾನುವಾರಗಳಲ್ಲಿ ಅಜ್ಜ ಬರುತ್ತಾರೆ, ಮಡಲಿನ ಅಕ್ಕನೂ ಒಪ್ಪಿದ್ದಾರೆ. ಮನೆಯಲ್ಲಿ ಬಿದ್ದ ಅಡಿಕೆ ಹಾಳೆಗಳನ್ನು ಒಲೆಗೆ ಹಾಕದೆ ನಮಗೆ ಕಳುಹಿಸಿಕೊಡಿ.