ಹೊಳೆ ಬರುವ ಮೊದಲು ಫೋನ್ ಕೂಗಲಿ, ನಮಗೆ ತಿಳಿಯುವ ಮಾತಿನಲ್ಲಿ

ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಮುಧೋಳದಲ್ಲಿ ಒಂದು ಸಣ್ಣ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದೇನೆ. ರೀಚಾರ್ಜ್ ಮಾಡುವುದು, ಒಡೆದ ಡಿಸ್‌ಪ್ಲೇ ಬದಲಿಸುವುದು, ಹಳೇ ಫೋನಿನ ಫೋಟೋಗಳನ್ನು ಹೊಸದಕ್ಕೆ ಹಾಕಿಕೊಡುವುದು ನನ್ನ ಕೆಲಸ. ನಮ್ಮ ಹೊಲ ಇರುವುದು ಘಟಪ್ರಭಾ ದಂಡೆಯಲ್ಲಿ. ಹೀಗಾಗಿ ಫೋನೂ ಗೊತ್ತು, ಹೊಳೆಯೂ ಗೊತ್ತು. ಅದಕ್ಕೇ ಈ ಪತ್ರ.

2023ರ ಅಕ್ಟೋಬರ್ 12ರಂದು ರಾಜ್ಯದ ತುಂಬ ಫೋನುಗಳು ಒಮ್ಮೆಲೇ ಚೀರಿಕೊಂಡಿದ್ದು ತಮಗೆ ನೆನಪಿರಬಹುದು. ವಿಪತ್ತಿನ ಹೊತ್ತಲ್ಲಿ ಜನರಿಗೆ ಎಚ್ಚರಿಕೆ ಕೊಡುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ ಅಂದು ಪರೀಕ್ಷೆ ಮಾಡಿತ್ತು. ನನ್ನ ಅಂಗಡಿಯ ಟೇಬಲ್ ಮೇಲೆ ರಿಪೇರಿಗೆ ಬಂದ ನಾಲ್ಕೈದು ಫೋನುಗಳಿದ್ದವು. ಎಲ್ಲವೂ ಒಟ್ಟಿಗೆ ಗುಂಯ್‌ಗುಟ್ಟಿ ನಡುಗತೊಡಗಿದವು. ಸೈಲೆಂಟ್‌ನಲ್ಲಿ ಇಟ್ಟಿದ್ದ ಫೋನೂ ಸುಮ್ಮನಿರಲಿಲ್ಲ.

ಸ್ವಲ್ಪ ಹೊತ್ತಿಗೆ ಜನ ಬರತೊಡಗಿದರು. ಹೊಳೆದಂಡೆಯ ಒಂದು ಊರಿನ ಅಜ್ಜ ತನ್ನ ಫೋನನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಂದಿದ್ದ. "ತಮ್ಮಾ, ಇದರಾಗ ಏನೋ ಹೊಕ್ಕೈತಿ ನೋಡು. ಒಮ್ಮಿಗೆ ಚೀರಾಕ ಹತ್ತಿತ್ತು. ಬಂದ್ ಮಾಡಿ ಕೊಡು" ಅಂದ. ಇನ್ನೊಬ್ಬರು ಬ್ಯಾಂಕಿನ ದುಡ್ಡು ಹೋಯಿತೇನೋ ಎಂದು ಗಾಬರಿಯಾಗಿದ್ದರು. ಇದು ಬರೀ ಪರೀಕ್ಷೆ, ಏನೂ ಮಾಡಬೇಕಿಲ್ಲ ಎಂದು ಪರದೆ ಮೇಲೆ ಬರೆದಿತ್ತು. ಆದರೆ ಹೆದರಿದವರು ಓದುತ್ತಾ ಕೂರುವುದಿಲ್ಲ, ಅಲ್ವಾ?

ಅಂದು ನಾನೊಂದು ತಪ್ಪು ಮಾಡಿದೆ. ಕೇಳಿದವರಿಗೆಲ್ಲ ಸೆಟ್ಟಿಂಗ್ಸ್‌ಗೆ ಹೋಗಿ ಎಮರ್ಜೆನ್ಸಿ ಅಲರ್ಟ್ ಬಂದ್ ಮಾಡಿಕೊಟ್ಟೆ. ಆ ಅಜ್ಜನಿಗೂ ಮಾಡಿದೆ. ಅಂಗಡಿ ತುಂಬ ಜನ ಇದ್ದರು, ಬಿಡಿಸಿ ಹೇಳಲು ಪುರುಸೊತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ 2019ರ ಆಗಸ್ಟ್ ನೆನಪಾಯಿತು. ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ನಮ್ಮ ಕಡೆ ಪ್ರವಾಹ ಅನ್ನುವವರು ಕಡಿಮೆ, "ಹೊಳಿ ಬಂತು" ಅಂತೀವಿ. 2019ರಲ್ಲಿ ಹೊಳೆ ಬಂದಾಗ ನಮ್ಮ ಮನೆಗೆ ಸುದ್ದಿ ಮುಟ್ಟಿದ್ದು ವಾಟ್ಸಾಪಿನಲ್ಲಿ. ಯಾರದೋ ದನಿ, "ಡ್ಯಾಮ್ ಒಡದೈತಿ, ಓಡ್ರಿ" ಅಂತ. ಅದರ ಬೆನ್ನಿಗೇ ಇನ್ನೊಂದು, "ಅದು ಸುಳ್ಳು, ಯಾರೂ ಹೆದರಬ್ಯಾಡ್ರಿ" ಅಂತ. ಯಾವುದನ್ನು ನಂಬಬೇಕು? ಅಪ್ಪ ಪಂಪ್‌ಸೆಟ್ ಮೋಟಾರ್ ಎತ್ತಿಕೊಂಡು ಬರುತ್ತೇನೆ ಎಂದು ಕತ್ತಲಲ್ಲೇ ದಂಡೆಗೆ ಹೋದರು. ಅವರು ವಾಪಸ್ ಬರುವಾಗ ಹೊಲದ ದಾರಿಯಲ್ಲಿ ಮೊಣಕಾಲುಮಟ್ಟ ನೀರು. ಮೋಟಾರ್ ಸಿಗಲಿಲ್ಲ. ಅಪ್ಪ ಸಿಕ್ಕರು, ಅಷ್ಟು ಸಾಕು ನಮಗೆ. ಡ್ಯಾಮ್ ಒಡೆದಿರಲಿಲ್ಲ. ಆದರೆ ನೀರು ಬಂದಿದ್ದು ನಿಜ.

ಇಂಥ ರಾತ್ರಿಗೇ ಈ ಸೆಲ್ ಬ್ರಾಡ್‌ಕಾಸ್ಟ್, ಅಂದರೆ ಅಂದು ಪರೀಕ್ಷೆ ಮಾಡಿದ ಆ ಫೋನ್ ಎಚ್ಚರಿಕೆ, ಬೇಕಾಗಿರುವುದು. ಇದು ಎಸ್ಸೆಮ್ಮೆಸ್ಸಿನ ಹಾಗೆ ಒಂದೊಂದೇ ನಂಬರ್ ಹುಡುಕಿಕೊಂಡು ಹೋಗುವುದಿಲ್ಲ. ಟವರ್ ಒಮ್ಮೆ ಕೂಗಿದರೆ ಅದರ ವ್ಯಾಪ್ತಿಯ ಫೋನುಗಳಿಗೆಲ್ಲ ಒಟ್ಟಿಗೆ ಕೇಳಿಸುತ್ತದೆ. ಎಲ್ಲರೂ ಒಂದೇ ಸಲ ಫೋನ್ ಹಚ್ಚಿ ಲೈನ್ ಸಿಗದಿದ್ದರೂ ಇದು ಮುಟ್ಟುತ್ತದೆ. ಇಂಟರ್ನೆಟ್ ಬೇಡ, ಆ್ಯಪ್ ಬೇಡ. ಎಲ್ಲಕ್ಕಿಂತ ಹೆಚ್ಚಾಗಿ, ಬೇಕಾದ ಕಡೆಯ ಟವರ್‌ಗಳಿಂದ ಮಾತ್ರ ಕಳಿಸಬಹುದು. ನಮ್ಮ ಜಿಲ್ಲೆಗೆ ಇದು ಬಹಳ ಮುಖ್ಯ. ಇಲ್ಲಿ ಮೂರು ಹೊಳೆಗಳಿವೆ. ಜಮಖಂಡಿ ಕಡೆ ಕೃಷ್ಣೆ ತುಂಬುವುದು ಮಹಾರಾಷ್ಟ್ರದ ಮಳೆಯಿಂದ, ಅಲ್ಲಿನ ಕೊಯ್ನಾ ಡ್ಯಾಮಿನಿಂದ ಬಿಟ್ಟ ನೀರಿನಿಂದ. ನಮ್ಮ ಘಟಪ್ರಭೆಗೆ ಹಿಡಕಲ್ ಡ್ಯಾಮಿನ ನೀರು, ಜೊತೆಗೆ ಅದನ್ನು ಸೇರುವ ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳ ನೀರು. ಬಾದಾಮಿ ಕಡೆಯ ಮಲಪ್ರಭೆಗೆ ನವಿಲುತೀರ್ಥ ಡ್ಯಾಮಿನ ನೀರು. ಒಂದು ಕಡೆ ಹೊಳೆ ಬಂದರೆ ಇನ್ನೊಂದು ಕಡೆ ಬಂದಿರಲೇಬೇಕು ಅಂತಿಲ್ಲ. "ಬಾಗಲಕೋಟೆ ಜಿಲ್ಲೆಯ ಕೆಲವೆಡೆ" ಅಂತ ಬಂದ ಸಂದೇಶವನ್ನು ಯಾರೂ ತಮ್ಮದು ಅಂದುಕೊಳ್ಳುವುದಿಲ್ಲ. ನಾಲ್ಕು ಸಲ ಸುಮ್ನೆ ಕೂಗಿದ ಫೋನನ್ನು ಐದನೇ ಸಲ ಯಾರು ನೋಡುತ್ತಾರೆ?

ಇನ್ನು ಮಾತಿನ ವಿಷಯ. ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಡಲಾಗಿದೆ, ನದಿಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕು ಎಂದು ಬರೆದರೆ ನಮ್ಮ ಅವ್ವನಿಗೆ ಏನು ತಿಳಿಯುತ್ತದೆ? ನೀರು ಯಾವ ಗುಡಿ ತನಕ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ, ನಾವು ಎಲ್ಲಿಗೆ ಹೋಗಬೇಕು, ಇಷ್ಟು ತಿಳಿದರೆ ಸಾಕು. ಹೀಗೆ ಬರೆದರೆ ಹೇಗೆ: "ಹಿಡಕಲ್‌ನಿಂದ ಜಾಸ್ತಿ ನೀರು ಬಿಟ್ಟಿದೆ. ಇಂದು ರಾತ್ರಿ 11ರೊಳಗೆ ಮಿರ್ಜಿ, ಒಂಟಗೋಡಿ ದಂಡೆಗೆ ಹೊಳೆ ಬರುತ್ತದೆ. ಮೋಟಾರ್ ತರಲು ಹೋಗಬೇಡಿ. ದನ ಬಿಚ್ಚಿಕೊಂಡು ಶಾಲೆಗೆ ಬನ್ನಿ." ಮೋಟಾರ್ ಮಾತು ಬಿಡಬೇಡಿ ಸರ್. ದಂಡೆಯ ಮಂದಿ ಮೊದಲು ಓಡುವುದೇ ಅಲ್ಲಿಗೆ. ಹಿಡಕಲ್‌ನಲ್ಲಿ ಬಿಟ್ಟ ನೀರು ಗೋಕಾಕ ದಾಟಿ ನಮಗೆ ಮುಟ್ಟಲು ಗಂಟೆಗಳೇ ಹಿಡಿಯುತ್ತವೆ. ಆ ಗಂಟೆಗಳು ಕಡತದಲ್ಲಿ ಕಳೆದುಹೋಗದೆ ನಮ್ಮ ಕೈಗೆ ಸಿಗಬೇಕು.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ಅದಕ್ಕೇ ತಮ್ಮನ್ನು ಕೇಳುತ್ತಿದ್ದೇನೆ. ಪ್ರತಿ ವರ್ಷ ಮೃಗಶಿರಾ ಮಳೆ ಹಿಡಿಯುವ ಮುಂಚೆ ಹೊಳೆದಂಡೆಯ ಊರುಗಳಲ್ಲಿ ಒಮ್ಮೆ ಪರೀಕ್ಷೆ ಆಗುವಂತೆ ಮಾಡಿಸಿ. ಹಿಂದಿನ ದಿನವೇ ವಾಲೀಕಾರರಿಂದ ಡಂಗುರ ಸಾರಿಸಿ: ನಾಳೆ ಫೋನ್ ಕೂಗುತ್ತದೆ, ಹೆದರಬೇಡಿ, ಬಂದ್ ಮಾಡಬೇಡಿ ಅಂತ. ನಿಜವಾಗಿ ಹೊಳೆ ಬಂದಾಗಲೂ ಡಂಗುರ, ಗುಡಿಯ ಮೈಕು ಎರಡೂ ಇರಲಿ. ಹಳೇ ಬಟನ್ ಫೋನಿನ ಮಂದಿ ಇನ್ನೂ ಬಹಳ ಇದ್ದಾರೆ, ಅವುಗಳಲ್ಲಿ ಎಷ್ಟೋ ಫೋನಿಗೆ ಈ ಸಂದೇಶ ಬರುವುದೇ ಇಲ್ಲ. ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದರಂತೂ ಯಾರಿಗೂ ಬರುವುದಿಲ್ಲ.

ಅಂದು ನಾನು ಬಂದ್ ಮಾಡಿದ್ದ ಅಲರ್ಟ್‌ಗಳನ್ನು ಈಗ ಒಂದೊಂದಾಗಿ ಆನ್ ಮಾಡಿಕೊಡುತ್ತಿದ್ದೇನೆ. ರೀಚಾರ್ಜ್‌ಗೆ ಬಂದವರ ಫೋನ್ ಇಸಿದುಕೊಂಡು ಮೊದಲು ಅದನ್ನೇ ನೋಡುತ್ತೇನೆ. ಆ ಅಜ್ಜ ಮಾತ್ರ ಇನ್ನೂ ಬಂದಿಲ್ಲ. ಅವರ ಊರಿನವರು ಯಾರೇ ಬಂದರೂ ಹೇಳಿ ಕಳಿಸುತ್ತಿದ್ದೇನೆ.

ಯಾವ ಫೋನಿನಲ್ಲಿ ಇದನ್ನು ಹೇಗೆ ಆನ್ ಮಾಡಬೇಕು ಎಂದು ಕನ್ನಡದಲ್ಲಿ ಒಂದು ಹಾಳೆ ಮಾಡಿಸಿ, ತಾಲ್ಲೂಕಿನ ಮೊಬೈಲ್ ಅಂಗಡಿಗಳಿಗೆಲ್ಲ ಕೊಡಿಸಿ. ಬಾಗಿಲಿಗೆ ಅಂಟಿಸುತ್ತೇವೆ. ಸಂತೆ ದಿನ ಹೊರಗೆ ಒಂದು ಟೇಬಲ್ ಹಾಕಿ, ಬಂದವರಿಗೆಲ್ಲ ದುಡ್ಡಿಲ್ಲದೆ ಮಾಡಿಕೊಡುತ್ತೇನೆ. ಹಾಳೆ ಯಾವಾಗ ಸಿಗುತ್ತದೆ ಎಂದು ದಯವಿಟ್ಟು ತಿಳಿಸಿ.

ತಮ್ಮ ವಿಶ್ವಾಸಿ,
ಮುಧೋಳದ ಒಬ್ಬ ಮೊಬೈಲ್ ಅಂಗಡಿಯವ