ಏಳಲ್ಲ, ಎಂಟರಿಂದ ಭಾಗಿಸಿ ಎಂದವರಿಗೆ

ಒಂಬತ್ತನೇ ತರಗತಿಯ ತೊರೆ ಅಧ್ಯಯನ ಮುಗಿಯಿತು. ತೊರೆಯನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವ ಆಕಾರದ, ಅಂದರೆ ಅಡ್ಡಕೊಯ್ತದ, ಚಿತ್ರಗಳು ಗೋಡೆಗೇರಿವೆ, ಲೆಕ್ಕದ ಹಾಳೆಗಳು ಕಡತ ಸೇರಿವೆ. ಕೈಜೋಡಿಸಿದ ಎಲ್ಲರಿಗೂ ಭೂಗೋಳ ವಿಭಾಗದ ಧನ್ಯವಾದಗಳು. ತಪ್ಪು ಹಿಡಿದವರಿಗೆ ಒಂದು ಹಿಡಿ ಹೆಚ್ಚು.

ಮೊದಲು ಗಣಿತದ ಮೇಷ್ಟ್ರಿಗೆ. ತೊರೆಯ ಅಗಲ 4 ಮೀಟರ್. ದಡದಿಂದ ದಡಕ್ಕೆ ಟೇಪ್ ಬಿಗಿದು ಅರ್ಧರ್ಧ ಮೀಟರಿಗೊಮ್ಮೆ ಕೋಲಿಳಿಸಿದರೆ ಸಿಗುವುದು ಏಳು ಅಳತೆ: 8, 16, 26, 34, 32, 28, 16 ಸೆಂ.ಮೀ. ಕೂಡಿದರೆ 160. ಅಳತೆ ಏಳು ಇವೆಯಲ್ಲ ಎಂದು ಏಳರಿಂದ ಭಾಗಿಸಲು ಕೈ ತಾನಾಗಿ ಹೋಗುತ್ತದೆ. ನಮ್ಮ ಮಾದರಿ ಹಾಳೆಯಲ್ಲೇ ಹಾಗಿತ್ತು. ಆದರೆ ಎರಡೂ ದಡದಲ್ಲಿ ಆಳ ಸೊನ್ನೆ, ನಡುವಿನ ಪಟ್ಟಿಗಳು ಎಂಟು. ಎಂಟರಿಂದ ಭಾಗಿಸಿದರೆ ಸರಾಸರಿ ಆಳ 20 ಸೆಂ.ಮೀ., ಅಡ್ಡಕೊಯ್ತದ ವಿಸ್ತೀರ್ಣ 0.8 ಚದರ ಮೀಟರ್. ತೇಲುಬಾಟಲಿ 10 ಮೀಟರ್ ದಾಟಲು 25 ಸೆಕೆಂಡ್ ಹಿಡಿದರೆ ಮೇಲ್ಮೈ ವೇಗ ಸೆಕೆಂಡಿಗೆ 0.4 ಮೀಟರ್. ತಳ ಮತ್ತು ದಡದ ಘರ್ಷಣೆಯಿಂದ ಒಳಗಿನ ನೀರು ನಿಧಾನ, ಆದ್ದರಿಂದ 0.85ರಿಂದ ಗುಣಿಸಿದರೆ 0.34. ವಿಸ್ತೀರ್ಣವನ್ನು ಈ ವೇಗದಿಂದ ಗುಣಿಸಿದರೆ ಹರಿವು ಸೆಕೆಂಡಿಗೆ 272 ಲೀಟರ್. ಏಳರಿಂದ ಭಾಗಿಸಿದ್ದರೆ 311 ಆಗುತ್ತಿತ್ತು. ಇಲ್ಲದ 39 ಲೀಟರ್ ನೀರು ಬರೀ ಕಾಗದದ ಮೇಲೆ ಹರಿಯುತ್ತಿತ್ತು!

ಬಾಟಲಿಗೆ ಮುಕ್ಕಾಲು ಭಾಗ ನೀರು ತುಂಬಿಸಿದ ಪ್ರಯೋಗಾಲಯದ ಸಹಾಯಕರಿಗೆ ಎರಡನೇ ವಂದನೆ. ಖಾಲಿ ಬಾಟಲಿ ನೀರಿನ ಮೇಲೆಯೇ ಕೂತಿರುತ್ತದೆ. ಆಗ ಅಳೆಯುವುದು ಅರ್ಧ ತೊರೆಯನ್ನು, ಅರ್ಧ ಗಾಳಿಯನ್ನು. ಓಟ ಶುರುವಾಗುವ ಗುರುತಿಗಿಂತ 2 ಮೀಟರ್ ಹಿಂದೆ, ನೀರು ಬರುವ ಕಡೆಗೆ ಬಿಡಿ, ಗುರುತು ಮುಟ್ಟುವಷ್ಟರಲ್ಲಿ ನೀರಿನ ವೇಗ ಹಿಡಿದಿರುತ್ತದೆ ಎಂದದ್ದೂ ಅವರೇ. ಕಲ್ಲಿಗೆ ತಾಗಿ ನಿಂತ ಓಟಗಳನ್ನು ಕೈಬಿಟ್ಟು, ಸರಾಗ ಸಾಗಿದ ಐದರ ಸರಾಸರಿ ತೆಗೆದೆವು.

ನೀರಿಗಿಳಿದ ಮಕ್ಕಳಿಗೆ ಶಭಾಷ್. ಅಳತೆಪಟ್ಟಿಯ ಅಗಲದ ಮುಖವನ್ನು ಹರಿವಿಗೆ ಒಡ್ಡಿದರೆ ನೀರು ಅದರ ಮುಂದೆ ಗುಡ್ಡೆಯಾಗಿ ಆಳ ಹೆಚ್ಚು ತೋರುತ್ತದೆ. ಅಂಚನ್ನು ತಿರುಗಿಸಿ ಹಿಡಿಯಬೇಕು ಎಂದು ಎರಡನೇ ಗುಂಪು ತಾನಾಗಿ ಕಂಡುಕೊಂಡಿತು. ಗಾತ್ರ ಅಳೆಯಲು ತೊರೆತಳದ ಉರುಟುಕಲ್ಲು ಆರಿಸುವಾಗ ಮಾತ್ರ ಎಲ್ಲರೂ ದೊಡ್ಡದಕ್ಕೇ ಕೈ ಹಾಕಿದರು, ದೊಡ್ಡವರೂ ಹಾಗೇ ಮಾಡುತ್ತಾರೆ ಬಿಡಿ. ಕಣ್ಣು ಮುಚ್ಚಿ, ಬೆರಳಿಗೆ ಮೊದಲು ತಾಗಿದ್ದನ್ನೇ ಎತ್ತಿ, ಅದರ ಉದ್ದನೆಯ ಅಕ್ಷ ಅಳೆಯಿರಿ ಎಂದ ಮೇಲೆ ಸರಿಹೋಯಿತು.

ಮೇಲ್ದಡದಲ್ಲಿ ಪೀಪಿ ಹಿಡಿದು ನಿಂತಿದ್ದ ದೈಹಿಕ ಶಿಕ್ಷಕರಿಗೆ ಋಣಿ. ನಿಂತಲ್ಲಿ ಆಕಾಶ ಶುಭ್ರವಿದ್ದರೂ ಮೇಲೆಲ್ಲೋ ಮಳೆ ಬಿದ್ದರೆ ತೊರೆ ಏರುತ್ತದೆ. ನೀರು ಕೆಂಪಾದರೆ, ಎಲೆ-ಕಡ್ಡಿ ತೇಲಿಬಂದರೆ ಪೀಪಿ ಊದಿ ಎಲ್ಲರನ್ನೂ ದಡ ಹತ್ತಿಸುವುದು ಅವರ ಕೆಲಸ. ಮೊಣಕಾಲು ಮೀರಿದ ನೀರಿಗೆ ಅವರು ಯಾರನ್ನೂ ಬಿಡಲಿಲ್ಲ.

ಕೊನೆಯದು, ಗೋಡೆಯ ಚಿತ್ರ ನೋಡಿ "ಇದೇನು, ಕಂದಕದ ಹಾಗಿದೆಯಲ್ಲ" ಎಂದ ಹುಡುಗಿಗೆ. ಅಡ್ಡಕ್ಕೆ 1 ಸೆಂ.ಮೀ. ಅಂದರೆ 50 ಸೆಂ.ಮೀ., ಲಂಬಕ್ಕೆ 1 ಸೆಂ.ಮೀ. ಅಂದರೆ 10 ಸೆಂ.ಮೀ. ಎಂದು ಬರೆದಿದ್ದೆವು. ಆಳ ಅಗಲಕ್ಕಿಂತ ಐದು ಪಟ್ಟು ಹಿಗ್ಗಿ, ತಟ್ಟೆಯಂಥ ತೊರೆ ಕಂದಕವಾದದ್ದು ಅಲ್ಲೇ. ಈಗ ಪ್ರತಿ ಚಿತ್ರದ ಕೆಳಗೂ ಆಕೆಯ ಅಕ್ಷರದಲ್ಲೇ ಒಂದು ಸಾಲಿದೆ: ಲಂಬ ಉತ್ಪ್ರೇಕ್ಷೆ 5 ಪಟ್ಟು.